ಒಂಟಿಯಾಗಿ ಉಳಿಯಲಾರದ ನಾಯಿ: ಅಗಲಿಕೆಯ ಆತಂಕ ಮತ್ತು ಅದರ ನಿವಾರಣೆ

ಪೀಠಿಕೆ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಹಸು, ಕುರಿ, ಕುದುರೆಗಳು ಅವನ ಹಟ್ಟಿಯನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ನಾಯಿಯು ಅವನ ಬಿಡಾರದ ಬಳಿ ನೆಲೆ ಕಂಡುಕೊಂಡಿತ್ತು. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಪತ್ತೆಯಾದ, ಸುಮಾರು 14,000 ವರ್ಷಗಳಷ್ಟು ಹಳೆಯದಾದ ಸಮಾಧಿಯಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ಅಸ್ಥಿಗಳೊಡನೆ ನಾಯಿಯ ಅಸ್ಥಿಗಳೂ ದೊರೆತಿವೆ.

ಕನ್ನಡ ನಾಡಿನಲ್ಲಿಯೂ ಈ ಬಾಂಧವ್ಯಕ್ಕೆ ಶಿಲೆಯ ಸಾಕ್ಷ್ಯವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಬಹುಮಾನವಾಗಿ ಭೂಮಿಯನ್ನಾಗಲಿ ಹೊನ್ನನ್ನಾಗಲಿ ಕೇಳದೆ ಈ ನಾಯಿಯನ್ನೇ ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲನ್ನು ನಿಲ್ಲಿಸಿ ದತ್ತಿಯನ್ನೂ ಬಿಡಲಾಯಿತು. ಈ ಶಿಲೆಯನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಹೀಗೆ ಬೇಟೆ, ಕಾವಲು, ಕುರಿ ಮೇಯಿಸುವಿಕೆ ಮೊದಲಾದ ಕೆಲಸಗಳಲ್ಲಿ ದಿನವಿಡೀ ಮನುಷ್ಯನೊಡನೆ ಇದ್ದ ಪ್ರಾಣಿಯು ಇಂದು ನಗರಗಳಲ್ಲಿ ಎರಡು ಕೋಣೆಗಳ ಮನೆಯೊಳಗೆ ಎಂಟು-ಹತ್ತು ತಾಸು ಏಕಾಂಗಿಯಾಗಿ ಉಳಿಯಬೇಕಾದ ಪರಿಸ್ಥಿತಿ ಉಂಟಾಗಿದೆ. ಕೆಲವು ನಾಯಿಗಳು ಇದಕ್ಕೆ ಹೊಂದಿಕೊಳ್ಳುತ್ತವೆ. ಕೆಲವು ಹೊಂದಿಕೊಳ್ಳಲಾರದೆ ತೀವ್ರವಾದ ಭೀತಿಗೆ ಒಳಗಾಗುತ್ತವೆ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕ ಎಂದು ಗುರುತಿಸುತ್ತಾರೆ. ಇದರ ಸ್ವರೂಪ, ಕಾರಣ ಮತ್ತು ನಿವಾರಣೆಯ ಕ್ರಮಗಳನ್ನು ಸರಳವಾಗಿ ವಿವರಿಸುವುದು ಈ ಪಾಠದ ಉದ್ದೇಶ.

ನಗರ ಜೀವನದ ಹಿನ್ನೆಲೆ

ನವಿ ಮುಂಬಯಿಯ ತುರ್ಭೆಯನ್ನೇ ನೋಡಬಹುದು. ಥಾಣೆ ಖಾರಿಯ ಆಚೆ ಹೊಸ ನಗರವೊಂದನ್ನು ಕಟ್ಟಲು 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಯಿತು. ಒಂದು ಕಡೆ ಕೈಗಾರಿಕಾ ವಲಯ, ಇನ್ನೊಂದು ಕಡೆ ಮುಂಬಯಿಯಿಂದ ಹಂತಹಂತವಾಗಿ ಸ್ಥಳಾಂತರಗೊಂಡ ಸಗಟು ಮಾರುಕಟ್ಟೆಗಳು, ನಡುವೆ ವಸತಿ ಸಮುಚ್ಚಯಗಳು, ಇದು ತುರ್ಭೆಯ ರೂಪ. 2004ರಲ್ಲಿ ಥಾಣೆ ಮತ್ತು ವಾಶಿಗಳ ನಡುವೆ ಲೋಕಲ್ ರೈಲಿನ ಪ್ರಯಾಣಿಕರ ಸೇವೆ ಆರಂಭವಾದ ಮೇಲೆ ಇಲ್ಲಿನ ಜನರಿಗೆ ಥಾಣೆ, ಡೊಂಬಿವಲಿ, ಕಲ್ಯಾಣಗಳೂ ನಿತ್ಯದ ಓಡಾಟದ ಊರುಗಳಾದವು. ತರಕಾರಿ ಮಾರುಕಟ್ಟೆಯಲ್ಲಿ ದುಡಿಯುವವರು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ, ಕಚೇರಿಗೆ ಹೋಗುವವರು ಎಂಟರ ಒಳಗೆ, ಮಕ್ಕಳು ಶಾಲೆ-ಕಾಲೇಜಿಗೆ. ಅನಂತರ ಮನೆಯಲ್ಲಿ ಉಳಿಯುವುದು ನಾಯಿಯೊಂದೇ.

ಈ ಭಾಗದ ಕನ್ನಡ ಕುಟುಂಬಗಳಲ್ಲಿ ಮತ್ತೊಂದು ವಿಶೇಷವನ್ನು ಗಮನಿಸಬಹುದು. ಊರಿನಿಂದ ಬಂದ ಅಜ್ಜಿ ಅಥವಾ ತಾತ ಕೆಲವು ತಿಂಗಳು ಇದ್ದು ಹೋಗುವುದು ರೂಢಿ. ಹಗಲೆಲ್ಲಾ ಅವರ ಕಾಲ ಬಳಿಯಲ್ಲೇ ಮಲಗುತ್ತಿದ್ದ ನಾಯಿಗೆ, ಅವರು ಮರಳಿದ ಮರುದಿನದಿಂದಲೇ ಬರಿದಾದ ಮನೆ ಎದುರಾಗುತ್ತದೆ.

2020ರ ಮಾರ್ಚ್ 25ರಂದು ದೇಶದಾದ್ಯಂತ ಜಾರಿಯಾದ ಲಾಕ್‌ಡೌನ್ ಇದೇ ಬಗೆಯ ಬದಲಾವಣೆಯನ್ನು ಏಕಕಾಲದಲ್ಲಿ ಅನೇಕ ಮನೆಗಳಿಗೆ ತಂದಿತು. ತಿಂಗಳುಗಟ್ಟಲೆ ಮನೆಮಂದಿಯೆಲ್ಲಾ ಒಳಗೇ ಇದ್ದರು. ಆ ಕಾಲದಲ್ಲಿ ಮನೆಗೆ ಬಂದ ಮರಿಗಳು ಒಂಟಿತನವೆಂದರೆ ಏನೆಂಬುದನ್ನೇ ಅರಿಯದೆ ಬೆಳೆದವು. ಮುಂಬಯಿಯ ಲೋಕಲ್ ರೈಲುಗಳು 2021ರ ಫೆಬ್ರವರಿಯಲ್ಲಿ ಮಿತವಾಗಿ, ಮತ್ತೆ ನಿಂತು, ಆ ವರ್ಷದ ಆಗಸ್ಟ್ 15ರಿಂದ ಎರಡು ಲಸಿಕೆ ಪಡೆದವರಿಗೆ ತೆರೆದಾಗ, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಾಯಿಗಳಿಗೆ ಇದರ ಪೂರ್ವಸಿದ್ಧತೆ ಇರಲಿಲ್ಲ.

ಅಗಲಿಕೆಯ ಆತಂಕ ಎಂದರೇನು?

ತಾನು ಅವಲಂಬಿಸಿದ ವ್ಯಕ್ತಿ ಅಥವಾ ವ್ಯಕ್ತಿಗಳು ಇಲ್ಲದಿರುವಾಗ, ಅಥವಾ ಹೊರಡುವ ಸೂಚನೆ ದೊರೆತಾಗ, ನಾಯಿಯಲ್ಲಿ ಉಂಟಾಗುವ ತೀವ್ರ ಭಯದ ಸ್ಥಿತಿಯೇ ಅಗಲಿಕೆಯ ಆತಂಕ. ಇದು ಹಠವಲ್ಲ, ಸೇಡಲ್ಲ, ಕೊಬ್ಬೂ ಅಲ್ಲ. ಜನಸಂದಣಿಯಲ್ಲಿ ತಾಯಿಯ ಕೈ ತಪ್ಪಿದ ಮಗುವಿನ ಸ್ಥಿತಿಗೆ ಇದನ್ನು ಹೋಲಿಸಬಹುದು.

ಈ ಹೋಲಿಕೆಗೆ ವಿಜ್ಞಾನದ ಆಧಾರವೂ ಇದೆ. ಶಿಶುಗಳು ತಾಯಿಯಿಂದ ಕೆಲವು ನಿಮಿಷ ದೂರವಾದಾಗ ಹೇಗೆ ವರ್ತಿಸುತ್ತವೆ ಎಂಬುದನ್ನು ಅರಿಯಲು ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ರೂಪಿಸಿದ ಪರೀಕ್ಷಾ ವಿಧಾನವನ್ನು, ಹಂಗೇರಿಯ ವಿಜ್ಞಾನಿಗಳು ನಾಯಿಗಳಿಗೆ ಅಳವಡಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಜಮಾನನಿರುವಾಗ ಅಪರಿಚಿತ ಕೋಣೆಯಲ್ಲಿಯೂ ನಿರ್ಭಯವಾಗಿ ಆಡುವ ನಾಯಿಯು, ಅವನು ಹೊರಟೊಡನೆ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ಅವನು ಮರಳಿದಾಗ ಅಪರಿಚಿತನಿಗೆ ತೋರದ ಉತ್ಸಾಹವನ್ನು ಅವನಿಗೆ ತೋರುತ್ತದೆ. ಶಿಶುವಿಗೂ ತಾಯಿಗೂ ಇರುವ ಬಂಧವನ್ನು ನೆನಪಿಸುವ ಬಂಧವೇ ನಾಯಿಗೂ ಅದರ ಯಜಮಾನನಿಗೂ ಇದೆ ಎಂಬುದು ಇದರಿಂದ ತಿಳಿದುಬಂದಿತು.

ಬಂಧವಿರುವುದು ದೋಷವಲ್ಲ. ಆ ಬಂಧವು ಕಡಿದೇಹೋಯಿತೆಂಬ ಭಯವೇ ತೊಂದರೆಯ ಮೂಲ. ಆದುದರಿಂದ ನಾಯಿಯ ಪ್ರೀತಿಯನ್ನು ಕುಗ್ಗಿಸುವುದು ಚಿಕಿತ್ಸೆಯ ಗುರಿಯಲ್ಲ. ಹೋದವರು ಮರಳಿ ಬರುತ್ತಾರೆ ಎಂಬ ನೆಚ್ಚಿಕೆಯನ್ನು ಅದರಲ್ಲಿ ಬೆಳೆಸುವುದೇ ಗುರಿ.

ಲಕ್ಷಣಗಳು

ಈ ಕೆಳಗಿನ ಲಕ್ಷಣಗಳು ಮನೆಯವರು ಹೊರಟ ಮೇಲೆ, ಅದರಲ್ಲೂ ಮೊದಲ ಅರ್ಧ ತಾಸಿನೊಳಗೆ, ಪದೇ ಪದೇ ಕಾಣಿಸಿಕೊಂಡರೆ ಅಗಲಿಕೆಯ ಆತಂಕವನ್ನು ಶಂಕಿಸಬಹುದು:

1. ಬಿಡದೆ ಬೊಗಳುವುದು, ಊಳಿಡುವುದು ಅಥವಾ ಕುಂಯ್‌ಗುಟ್ಟುವುದು.
2. ಬಾಗಿಲು, ಚೌಕಟ್ಟು, ಕಿಟಕಿಯ ಸರಳುಗಳನ್ನು ಕೆರೆಯುವುದು, ಕಚ್ಚುವುದು. ಇದರಿಂದ ಉಗುರು, ಹಲ್ಲುಗಳಿಗೆ ಗಾಯವಾಗುವುದು.
3. ಮನೆಯಲ್ಲಿ ಶಿಸ್ತಾಗಿರುವ ನಾಯಿಯೂ ಒಂಟಿಯಾಗಿರುವಾಗ ಮಲಮೂತ್ರ ವಿಸರ್ಜಿಸುವುದು.
4. ಬಿಸಿಲಿಲ್ಲದಿದ್ದರೂ ಏದುಸಿರು, ಜೊಲ್ಲು, ನಡುಕ. ಒಂದೇ ಹಾದಿಯಲ್ಲಿ ಅತ್ತಿಂದಿತ್ತ ಅಲೆದಾಟ.
5. ಮೆಚ್ಚಿನ ತಿನಿಸನ್ನು ಮುಂದಿಟ್ಟರೂ ಮನೆಯವರು ಮರಳುವವರೆಗೆ ಮುಟ್ಟದಿರುವುದು.
6. ಯಜಮಾನನು ಚಪ್ಪಲಿ ಮೆಟ್ಟಿದಾಗ, ಬೀಗದ ಕೈ ತೆಗೆದಾಗಲೇ ಕಳವಳ ಆರಂಭವಾಗುವುದು.

ಎಲ್ಲ ನಾಯಿಗಳೂ ಗದ್ದಲ ಮಾಡುವುದಿಲ್ಲ. ಕೆಲವು ಬಾಗಿಲಿಗೆ ಮುಖಮಾಡಿ, ನಡುಗುತ್ತಾ, ನೀರನ್ನೂ ಕುಡಿಯದೆ ತಾಸುಗಟ್ಟಲೆ ನಿಂತಿರುತ್ತವೆ. ನೆರೆಯವರಿಂದ ದೂರು ಬಂದಿಲ್ಲವೆಂಬ ಮಾತ್ರಕ್ಕೆ ನಾಯಿ ಸುಖವಾಗಿದೆಯೆಂದು ಭಾವಿಸಲಾಗದು. ಇದನ್ನು ತಿಳಿಯುವ ಸುಲಭೋಪಾಯವೆಂದರೆ, ಹಳೆಯ ಮೊಬೈಲ್ ಫೋನೊಂದನ್ನು ಕಪಾಟಿನ ಮೇಲೆ ನಿಲ್ಲಿಸಿ, ಚಿತ್ರೀಕರಣಕ್ಕೆ ಹಚ್ಚಿ ಅರ್ಧ ತಾಸು ಹೊರಗೆ ಹೋಗಿಬರುವುದು. ಆ ದೃಶ್ಯವನ್ನು ಪಶುವೈದ್ಯರಿಗೂ ತೋರಿಸಬಹುದು.

ಇದೇ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು. ಸಾಕಷ್ಟು ಓಡಾಟವಿಲ್ಲದ ಎಳೆಯ ನಾಯಿ ಬೇಸರದಿಂದ ಚಪ್ಪಲಿ ಕಡಿಯುತ್ತದೆ. ಅದರಲ್ಲಿ ಭಯದ ಚಿಹ್ನೆಗಳಿರುವುದಿಲ್ಲ. ಮೆಟ್ಟಿಲಲ್ಲಿ ಯಾರಾದರೂ ಹತ್ತಿಬಂದಾಗ ಮಾತ್ರ ಬೊಗಳುವ ನಾಯಿ ಕಾವಲು ಕಾಯುತ್ತಿರುತ್ತದೆ. ಮೂತ್ರಕೋಶದ ಸೋಂಕು, ಮಧುಮೇಹಗಳಿಂದಲೂ ಮನೆಯೊಳಗೆ ಮೂತ್ರವಾಗಬಹುದು. ಮುಪ್ಪಿನಲ್ಲಿ ಬುದ್ಧಿ ಮಂಕಾದ ನಾಯಿಯೂ ಕಾರಣವಿಲ್ಲದೆ ಊಳಿಡಬಹುದು. ದೀಪಾವಳಿಯ ಪಟಾಕಿ, ಮಳೆಗಾಲದ ಗುಡುಗುಗಳಿಗೆ ಹೆದರುವ ನಾಯಿಗೆ, ಆ ಸದ್ದು ಒಂಟಿಯಾಗಿದ್ದಾಗ ಕೇಳಿಬಂದರೆ ಎರಡು ಭಯಗಳೂ ಕೂಡಿಕೊಳ್ಳುತ್ತವೆ. ಹೀಗಾಗಿ ಮೊದಲು ಪಶುವೈದ್ಯರ ತಪಾಸಣೆ ಅಗತ್ಯ.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗುವಂತೆ ತುರ್ಭೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆಗೆ ಸಗಟು ಮಾರುಕಟ್ಟೆಯಲ್ಲಿ ನಸುಕಿನ ಕೆಲಸ. ಮಧ್ಯಾಹ್ನ ಒಂದಕ್ಕೆ ಮನೆಗೆ ಬರುತ್ತಾರೆ. ತಾಯಿಗೆ ಥಾಣೆಯಲ್ಲಿ ಉದ್ಯೋಗ, ಎಂಟೂವರೆಗೆ ಹೊರಡುತ್ತಾರೆ. ಮಗಳು ಬೆಳಗ್ಗೆ ಏಳಕ್ಕೆ ಕಾಲೇಜಿಗೆ ಹೋಗುತ್ತಾಳೆ. ಬೀದಿಯಿಂದ ತಂದು ಸಾಕಿದ ನಾಲ್ಕು ವರ್ಷದ ನಾಯಿ ರಾಜ. ಎರಡು ವರ್ಷ ಜೊತೆಗಿದ್ದ ಅಜ್ಜಿ ವಿಜಯಪುರಕ್ಕೆ ಮರಳಿದ ವಾರದಿಂದ ಅದು ಊಳಿಡತೊಡಗಿದೆ. ಬಾಗಿಲ ಕೆಳಭಾಗವನ್ನು ಕೆರೆದು ಉಗುರಿನಲ್ಲಿ ರಕ್ತ ಬಂದಿದೆ. ಎದುರು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗುವವರಿದ್ದಾರೆ. ಸೊಸೈಟಿಯಿಂದ ಪತ್ರ ಬಂದಿದೆ. ನಾಯಿಯನ್ನು ಮಾರುಕಟ್ಟೆಯ ಬಳಿ ಬಿಟ್ಟುಬರೋಣ, ಅಲ್ಲಿ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತದೆ ಎಂಬ ಮಾತೂ ಮನೆಯಲ್ಲಿ ಬಂದುಹೋಗಿದೆ.

ಇಂಥ ಕುಟುಂಬದವರು ಕ್ರೂರಿಗಳಲ್ಲ, ದಾರಿ ಕಾಣದವರು. ಆದರೆ ಮನೆಯಲ್ಲಿ ಬೆಳೆದ ನಾಯಿಯನ್ನು ಲಾರಿಗಳ ನಡುವೆ, ಬೇರೆ ನಾಯಿಗಳ ನೆಲೆಯಲ್ಲಿ ಬಿಟ್ಟರೆ ಅದು ಬದುಕುಳಿಯುವ ಸಂಭವ ಕಡಿಮೆ. ಒಂಟಿಯಾಗುವ ಭಯದಿಂದ ನರಳುವ ಪ್ರಾಣಿಗೆ ಆ ಭಯವನ್ನೇ ಶಾಶ್ವತವಾಗಿ ವಿಧಿಸಿದಂತಾಗುತ್ತದೆ. ಬದಲಾಗಿ ಏನು ಮಾಡಬಹುದು ಎಂಬುದನ್ನು ಮುಂದೆ ನೋಡೋಣ.

ಮಾಡಬಾರದ ಕೆಲಸಗಳು

ಮೊದಲನೆಯದಾಗಿ, ದಂಡಿಸಬಾರದು. ಸಂಜೆ ಮನೆಗೆ ಬಂದವರು ಬೆಳಗ್ಗೆ ಹರಿದ ದಿಂಬನ್ನು ತೋರಿಸಿ ಹೊಡೆದರೆ, ನಾಯಿಯು ಆ ಪೆಟ್ಟನ್ನು ದಿಂಬಿನೊಡನೆ ಜೋಡಿಸಿಕೊಳ್ಳುವುದಿಲ್ಲ. ಮನೆಯವರ ಆಗಮನದೊಡನೆ ಜೋಡಿಸಿಕೊಳ್ಳುತ್ತದೆ. ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ ಎಂದು ಹೇಳುವುದುಂಟು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಆ ತಪ್ಪಿತಸ್ಥ ಮುಖಭಾವವು ನಾಯಿ ತಪ್ಪು ಮಾಡಿದೆಯೇ ಇಲ್ಲವೇ ಎಂಬುದನ್ನಲ್ಲ, ಯಜಮಾನನು ಗದರಿಸಿದ್ದನ್ನು ಅನುಸರಿಸಿ ಬರುತ್ತದೆ. ಅಂದರೆ ಅದು ಪಶ್ಚಾತ್ತಾಪವಲ್ಲ, ಹೆದರಿಕೆ. ಹೆದರಿದ ಪ್ರಾಣಿಯನ್ನು ಇನ್ನಷ್ಟು ಹೆದರಿಸುವುದರಿಂದ ರೋಗ ಬಲಿಯುತ್ತದೆ.

ಎರಡನೆಯದಾಗಿ, ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಸ್ನಾನದ ಮನೆಯಲ್ಲಿ ಕೂಡಿಹಾಕುವುದು, ಅಭ್ಯಾಸವಿಲ್ಲದ ಪಂಜರದಲ್ಲಿ ಮುಚ್ಚುವುದು ಸಲ್ಲದು. ಬಿಡಿಸಿಕೊಳ್ಳುವ ಯತ್ನದಲ್ಲಿ ನಾಯಿ ಗಾಯಗೊಳ್ಳುತ್ತದೆ. ಗ್ಯಾಲರಿಯಲ್ಲಿ ಬಿಟ್ಟುಹೋಗುವುದು ಮೇ ತಿಂಗಳ ಬಿಸಿಲಿನಲ್ಲಿ ಪ್ರಾಣಾಪಾಯಕಾರಿ.

ಮೂರನೆಯದಾಗಿ, ಬೊಗಳಿದೊಡನೆ ವಿದ್ಯುತ್ ಆಘಾತ ನೀಡುವ ಕೊರಳಪಟ್ಟಿಗಳನ್ನು ಬಳಸಬಾರದು. ಸದ್ದು ನಿಂತೀತು, ಭಯ ನಿಲ್ಲದು.

ನಾಲ್ಕನೆಯದಾಗಿ, ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ನಿರಾಧಾರ. ನಾಯಿಯ ಕೊರತೆ ಮನುಷ್ಯನ ಸಂಗಕ್ಕೆ ಸಂಬಂಧಿಸಿದುದಾದ್ದರಿಂದ ಎರಡನೆಯ ನಾಯಿ ಅದನ್ನು ಸಾಮಾನ್ಯವಾಗಿ ತುಂಬಲಾರದು.

ನಿವಾರಣೆಯ ಕ್ರಮಗಳು

ಅ) ದಿನಚರಿ ಮತ್ತು ವ್ಯಾಯಾಮ

ನಾಯಿಯು ನಿಯಮಿತ ದಿನಚರಿಯಿಂದ ನೆಮ್ಮದಿ ಪಡೆಯುವ ಪ್ರಾಣಿ. ಊಟ, ತಿರುಗಾಟ, ಆಟಗಳು ಗೊತ್ತಾದ ಹೊತ್ತಿಗೆ ನಡೆದರೆ ದಿನದ ಮುಂದಿನ ಭಾಗವನ್ನು ಅದು ಊಹಿಸಬಲ್ಲುದು. ಮನೆಯವರು ಹೊರಡುವ ಅರ್ಧ ತಾಸು ಮೊದಲು ಮುಗಿಯುವಂತೆ ಬೆಳಗಿನ ತಿರುಗಾಟವನ್ನು ಇರಿಸಿಕೊಳ್ಳಬೇಕು. ಕೇವಲ ನಡೆಸಿದರೆ ಸಾಲದು. ಗಿಡ, ಕಂಬ, ನೆಲವನ್ನು ಮೂಸಲು ಬಿಡಬೇಕು. ಮೂಸುವುದು ನಾಯಿಗೆ ವಾರ್ತಾಪತ್ರಿಕೆ ಓದಿದಂತೆ. ಅದರಿಂದ ಮನಸ್ಸಿಗೆ ಹದವಾದ ದಣಿವು ದೊರೆಯುತ್ತದೆ. ತಳಿಯನ್ನೂ ಗಮನಿಸಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಬಯಲಿನಲ್ಲಿ ಓಡಲೆಂದೇ ರೂಪುಗೊಂಡ ತಳಿ. ಅದರ ಗೌರವಾರ್ಥ ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಭಾರತೀಯ ಸೇನೆ ತರಬೇತಿಗೆ ತೆಗೆದುಕೊಂಡಿತು. ಅಂಥ ನಾಯಿಯನ್ನು ಮೂರನೆಯ ಮಹಡಿಯಲ್ಲಿಟ್ಟು, ಮೆಟ್ಟಿಲಿಳಿಸಿ ಹತ್ತಿಸಿದರೆ ವ್ಯಾಯಾಮವೆನಿಸದು.

ಆ) ನೆಮ್ಮದಿಯ ಸ್ಥಳ

ಮನೆಯ ಒಂದು ಮೂಲೆಯಲ್ಲಿ ಚಾಪೆ ಅಥವಾ ಹಳೆಯ ಕಂಬಳಿ ಹಾಸಿ ಅದನ್ನು ನಾಯಿಯ ಸ್ಥಳವೆಂದು ರೂಢಿಸಬೇಕು. ತಿನಿಸು, ಮುದ್ದು, ಮೆಚ್ಚಿನ ಆಟಿಕೆ ಅಲ್ಲಿಯೇ ದೊರೆಯಲಿ. ಫ್ಯಾನಿನ ಗಾಳಿ, ಕುಡಿಯುವ ನೀರು, ರಸ್ತೆಯ ದೃಶ್ಯವನ್ನು ತಗ್ಗಿಸುವ ಪರದೆ ಇರಲಿ. ಮನೆಯವರು ಉಟ್ಟು ಒಗೆಯದ ಬಟ್ಟೆಯೊಂದನ್ನು ಹಾಸಿದರೆ ಅದರ ವಾಸನೆ ಕೆಲವು ನಾಯಿಗಳಿಗೆ ಧೈರ್ಯ ಕೊಡುತ್ತದೆ. ಮನೆಯವರು ಇರುವಾಗಲೇ, ಅವರು ಅಡುಗೆಮನೆಯಲ್ಲಿದ್ದಾಗ ನಾಯಿ ತನ್ನ ಮೂಲೆಯಲ್ಲಿ ಮಲಗಿರುವ ಅಭ್ಯಾಸವನ್ನು ಮೆಲ್ಲಗೆ ಬೆಳೆಸಬೇಕು. ಕಣ್ಣೆದುರಿನಿಂದ ಐದು ನಿಮಿಷ ಮರೆಯಾಗುವುದನ್ನು ಸಹಿಸದ ನಾಯಿ, ಮನೆಯಿಂದ ಐದು ತಾಸು ದೂರವಾಗುವುದನ್ನು ಸಹಿಸದು.

ಇ) ಹೊರಡುವ ಸೂಚನೆಗಳ ಅರ್ಥವನ್ನು ಅಳಿಸುವುದು

ಊಟದ ಡಬ್ಬಿ, ಬ್ಯಾಗು, ಬೀಗದ ಕೈ, ಚಪ್ಪಲಿ, ಇವು ನಾಯಿಯ ಪಾಲಿಗೆ ಒಂದರ ಹಿಂದೆ ಒಂದಾಗಿ ಬರುವ ಅಪಾಯದ ಗಂಟೆಗಳು. ರಜೆಯ ದಿನ ಬೀಗದ ಕೈ ಹಿಡಿದು ಪತ್ರಿಕೆ ಓದುತ್ತಾ ಕುಳಿತುಕೊಳ್ಳಿ. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ, ಮರಳಿ ಬಂದು ಚಹಾ ಕುಡಿಯಿರಿ. ಬ್ಯಾಗು ಹೆಗಲಿಗೇರಿಸಿ ತರಕಾರಿ ಹೆಚ್ಚಿರಿ. ದಿನಕ್ಕೆ ಕೆಲವು ಸಲ, ಕೆಲವು ವಾರ ಹೀಗೆ ಮಾಡಿದರೆ ಆ ವಸ್ತುಗಳಿಗೂ ಅಗಲಿಕೆಗೂ ಇರುವ ಸಂಬಂಧ ಸಡಿಲವಾಗುತ್ತದೆ.

ಈ) ಹಂತಹಂತದ ಅಗಲಿಕೆ

ಇದೇ ಚಿಕಿತ್ಸೆಯ ತಿರುಳು. ಭಯಪಡುವ ವಸ್ತುವನ್ನು ಭಯ ಹುಟ್ಟದಷ್ಟು ಅಲ್ಪ ಪ್ರಮಾಣದಲ್ಲಿ ಎದುರಿಸುತ್ತಾ, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುವ ಈ ವಿಧಾನವನ್ನು ಜೋಸೆಫ್ ವೋಲ್ಪೆ ಎಂಬ ವೈದ್ಯರು ಮನುಷ್ಯರ ಚಿಕಿತ್ಸೆಗಾಗಿ ರೂಪಿಸಿ 1958ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ನಾಯಿಗಳಿಗೂ ಇದು ಅನ್ವಯಿಸುತ್ತದೆ. ಕ್ರಮ ಹೀಗಿದೆ:

1. ಬಾಗಿಲವರೆಗೆ ಹೋಗಿ ಮರಳುವುದು.
2. ಚಿಲಕ ಮುಟ್ಟಿ ಮರಳುವುದು. ಬಳಿಕ ಬಾಗಿಲು ತೆರೆದು ಮುಚ್ಚುವುದು.
3. ಹೊಸ್ತಿಲು ದಾಟಿ, ಬಾಗಿಲನ್ನು ತೆರೆದೇ ಇರಿಸಿ, ಒಳಗೆ ಬರುವುದು.
4. ಹೊರಗೆ ನಿಂತು ಬಾಗಿಲು ಮುಚ್ಚಿ, ಒಂದೆರಡು ಸೆಕೆಂಡುಗಳಲ್ಲಿ ಒಳಗೆ ಬರುವುದು.
5. ಐದು ಸೆಕೆಂಡು, ಹತ್ತು ಸೆಕೆಂಡು, ಅರ್ಧ ನಿಮಿಷ, ಒಂದು ನಿಮಿಷ, ಹೀಗೆ ಏರಿಸುವುದು.
6. ಬೀಗ ಹಾಕಿ ಮೆಟ್ಟಿಲಿಳಿದು ಬರುವುದು. ಮುಂದೆ ಕಟ್ಟಡದ ಗೇಟಿನವರೆಗೆ ಹೋಗಿಬರುವುದು.

ಪ್ರತಿ ಹಂತದಲ್ಲಿಯೂ ನಾಯಿ ಶಾಂತವಾಗಿದ್ದರೆ ಮಾತ್ರ ಮುಂದಿನ ಹಂತ. ಕಿವಿ ಹಿಂದಕ್ಕೊತ್ತುವುದು, ತುಟಿ ನೆಕ್ಕುವುದು, ಏದುಸಿರು, ಬಾಗಿಲಿಗೆ ಧಾವಿಸುವುದು ಕಂಡರೆ ಒಂದು ಹಂತ ಹಿಂದೆ ಸರಿಯಬೇಕು. ಅವಧಿಯನ್ನು ಸದಾ ಏರಿಸುತ್ತಲೇ ಹೋಗದೆ, ಮೂರು ನಿಮಿಷದ ನಂತರ ಒಂದು ನಿಮಿಷ, ಆಮೇಲೆ ನಾಲ್ಕು ನಿಮಿಷ, ಹೀಗೆ ಏರಿಳಿತವಿರಲಿ. ದಿನಕ್ಕೆ ಅರ್ಧ ತಾಸಿನ ಅಭ್ಯಾಸ ಸಾಕು.

ಮೊದಲ ನಲವತ್ತು ನಿಮಿಷಗಳವರೆಗಿನ ಏರುಹಾದಿ ಎಲ್ಲಕ್ಕಿಂತ ಕಠಿಣ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗಬಹುದು. ಅದನ್ನು ದಾಟಿದ ಮೇಲೆ ಐದೈದು ನಿಮಿಷ, ಬಳಿಕ ಹದಿನೈದು ನಿಮಿಷದಂತೆ ಹೆಚ್ಚಿಸಬಹುದು. ಒಂದೂವರೆ ತಾಸು ನೆಮ್ಮದಿಯಿಂದ ಕಳೆಯುವ ನಾಯಿ ಸಾಮಾನ್ಯವಾಗಿ ನಾಲ್ಕು ತಾಸನ್ನೂ ಕಳೆಯಬಲ್ಲುದು.

ಉ) ತಿನಿಸಿನ ನೆರವು

ಬೇಗ ಮುಗಿಯದ ತಿನಿಸನ್ನು ಹೊರಡುವ ಹೊತ್ತಿಗೆ ಮಾತ್ರ ಕೊಡುವುದರಿಂದ, ಮನೆಯವರು ಹೊರಡುವುದಕ್ಕೂ ಒಂದು ಸುಖದ ಅರ್ಥ ಬರುತ್ತದೆ. ಟೊಳ್ಳಾದ ಗಟ್ಟಿ ರಬ್ಬರಿನ ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರಿಜ್ಜಿನಲ್ಲಿ ಗಡ್ಡೆಗಟ್ಟಿಸಿ ಕೊಟ್ಟರೆ ನಾಯಿ ಬಹಳ ಹೊತ್ತು ನೆಕ್ಕುತ್ತದೆ. ಹಳೆಯ ಟವೆಲಿನಲ್ಲಿ ಚಪಾತಿ ಚೂರು, ಬೇಯಿಸಿದ ಮೊಟ್ಟೆಯ ತುಣುಕುಗಳನ್ನು ಸುತ್ತಿಟ್ಟು ಹುಡುಕಲು ಬಿಡಬಹುದು; ಬಟ್ಟೆ ನುಂಗುವ ಚಾಳಿಯ ನಾಯಿಗೆ ಇದು ಬೇಡ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಕರುಳನ್ನು ಚುಚ್ಚಬಹುದು. ತಿನಿಸನ್ನು ಮುಟ್ಟದ ನಾಯಿಯ ಭಯ ಮಿತಿ ಮೀರಿದೆಯೆಂದು ತಿಳಿದು, ಅಗಲಿಕೆಯ ಅವಧಿಯನ್ನು ಇಳಿಸಬೇಕು.

ಊ) ಹೋಗುವಾಗ, ಬರುವಾಗ

ಹೊರಡುವಾಗ ದೀರ್ಘ ಬೀಳ್ಕೊಡುಗೆ ಬೇಡ. ನಿತ್ಯವೂ ಒಂದೇ ಮಾತನ್ನು ಸಮಾಧಾನದ ಧ್ವನಿಯಲ್ಲಿ ಹೇಳಿ ಹೊರಡಿ. ಬಂದಾಗ ನಾಯಿಯನ್ನು ಕಡೆಗಣಿಸಬೇಕಾಗಿಲ್ಲ. ಶಾಂತವಾಗಿ ಮಾತನಾಡಿಸಿ, ಅದು ನಾಲ್ಕು ಕಾಲನ್ನೂ ನೆಲಕ್ಕೂರಿದಾಗ ಸವರಿರಿ. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಹಳೆಯ ಅಭಿಪ್ರಾಯವನ್ನು ಇಂದಿನ ತಜ್ಞರು ಒಪ್ಪುವುದಿಲ್ಲ.

ಅಭ್ಯಾಸದ ಅವಧಿಯಲ್ಲಿ

ಅಭ್ಯಾಸ ನಡೆಯುತ್ತಿರುವ ವಾರಗಳಲ್ಲಿ ನಾಯಿಯನ್ನು ಅದು ಸಹಿಸುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡದಿರುವುದು ಮುಖ್ಯ. ಬೆಳಗ್ಗೆ ಮೂರು ನಿಮಿಷ ಕಲಿಸಿ, ಮಧ್ಯಾಹ್ನ ಐದು ತಾಸು ಕೂಡಿಹಾಕಿದರೆ ಕಲಿತದ್ದು ಅಳಿಸಿಹೋಗುತ್ತದೆ. ದುಡಿಯುವ ಕುಟುಂಬಕ್ಕೆ ಇದು ಸುಲಭವಲ್ಲ ಎಂಬುದು ನಿಜ. ಆದರೆ ಲೆಕ್ಕ ಹಾಕಿದರೆ ದಾರಿ ಕಾಣುತ್ತದೆ.

ಮೇಲೆ ಹೇಳಿದ ಕುಟುಂಬದಲ್ಲಿ ನಾಯಿ ಒಂಟಿಯಾಗಿರುವುದು ಎಂಟೂವರೆಯಿಂದ ಒಂದರವರೆಗೆ, ಅಂದರೆ ನಾಲ್ಕೂವರೆ ತಾಸು ಮಾತ್ರ. ಈ ಅವಧಿಗೆ ಜನರನ್ನು ಹುಡುಕಬೇಕು. ಕೆಳಮಹಡಿಯಲ್ಲಿ ನಿವೃತ್ತ ದಂಪತಿಗಳಿದ್ದರೆ ತಾಯಿಯು ಹೋಗಿ, “ಅಕ್ಕಾ, ಎರಡು ತಿಂಗಳ ಮಟ್ಟಿಗೆ ಬೆಳಗಿನ ಹೊತ್ತು ಇವನು ನಿಮ್ಮಲ್ಲಿ ಇರಲಿ, ಊಟ, ತಿರುಗಾಟ ಎಲ್ಲಾ ನಮ್ಮದೇ” ಎಂದು ಕೇಳಬಹುದು. ಮಗಳು ತರಗತಿಗಳಿಲ್ಲದ ದಿನಗಳನ್ನು ಮನೆಯಲ್ಲಿ ಓದಲು ಇಟ್ಟುಕೊಳ್ಳಬಹುದು. ಮನೆಗೆಲಸದವರು ಬರುವ ಹೊತ್ತನ್ನು ಹತ್ತಕ್ಕೆ ಬದಲಿಸಿದರೆ ಒಂದು ತಾಸು ಕಳೆಯುತ್ತದೆ. ಹಣದ ಅನುಕೂಲವಿದ್ದರೆ ನಾಯಿಗಳನ್ನು ಹಗಲಿನಲ್ಲಿ ನೋಡಿಕೊಳ್ಳುವವರನ್ನು ಗೊತ್ತುಮಾಡಬಹುದು. ತಂದೆಯು ಮಧ್ಯಾಹ್ನ ಬಂದ ಮೇಲೆ ಅರ್ಧ ತಾಸಿನ ಬಾಗಿಲಿನ ಅಭ್ಯಾಸವನ್ನು ನಡೆಸಬಹುದು.

ಔಷಧದ ಸ್ಥಾನ

ಆತಂಕವು ತೀವ್ರವಾಗಿದ್ದು ಕಲಿಕೆಯೇ ಅಸಾಧ್ಯವೆನಿಸಿದಾಗ ಪಶುವೈದ್ಯರು ಔಷಧವನ್ನು ಸೂಚಿಸಬಹುದು. ನಾಯಿಗಳ ಅಗಲಿಕೆಯ ಆತಂಕಕ್ಕಾಗಿ ಅಮೆರಿಕದ ಔಷಧ ಆಡಳಿತವು 1998ರಲ್ಲಿ ಕ್ಲೋಮಿಪ್ರಮಿನ್, 2007ರಲ್ಲಿ ಫ್ಲುವೊಕ್ಸೆಟಿನ್ ಔಷಧಗಳಿಗೆ ಒಪ್ಪಿಗೆ ನೀಡಿತು. ವರ್ತನೆಯನ್ನು ತಿದ್ದುವ ಅಭ್ಯಾಸದೊಡನೆ ಬಳಸಬೇಕೆಂಬುದು ಎರಡಕ್ಕೂ ಇರುವ ಷರತ್ತು. ಇವುಗಳ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಕೇವಲ ಮಂಪರು ತರುವ ಔಷಧವು ದೇಹವನ್ನು ನಿಶ್ಚಲಗೊಳಿಸಬಹುದೇ ಹೊರತು ಭಯವನ್ನು ನೀಗಿಸದು. ಮನುಷ್ಯರ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಾಯಿಗೆ ಕೊಡುವುದು ಅಪಾಯಕರ.

ಈ ಪ್ರದೇಶದವರಿಗೆ ಸ್ಥಳೀಯ ಪಶುವೈದ್ಯರಲ್ಲದೆ, ಮುಂಬಯಿಯ ಪರೇಲ್‌ನಲ್ಲಿರುವ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಮತ್ತು 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜುಗಳು ಇವೆ. ಕರ್ನಾಟಕದಲ್ಲಿರುವವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜನ್ನು ಸಂಪರ್ಕಿಸಬಹುದು.

ನೆರೆಹೊರೆ ಮತ್ತು ಕಾನೂನು

ನಾಯಿಯ ಊಳು ಕೇಳಿ ನಿದ್ರೆ ಕೆಡಿಸಿಕೊಂಡ ನೆರೆಯವರ ಕಷ್ಟವೂ ಕಷ್ಟವೇ. ದೂರು ಬರುವ ಮೊದಲೇ ಅವರಲ್ಲಿಗೆ ಹೋಗಿ, ತೊಂದರೆಯ ಕಾರಣವನ್ನೂ ಕೈಗೊಂಡ ಕ್ರಮವನ್ನೂ ತಿಳಿಸುವುದು ಉತ್ತಮ. ಯಾವ ಹೊತ್ತಿಗೆ ಬೊಗಳುತ್ತದೆ, ಎಷ್ಟು ಹೊತ್ತು ಬೊಗಳುತ್ತದೆ ಎಂಬುದನ್ನು ಅವರೇ ಬಲ್ಲರಾದ್ದರಿಂದ, ಚಿಕಿತ್ಸೆಯಲ್ಲಿ ಅವರು ಸಹಾಯಕರೂ ಆಗಬಲ್ಲರು.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ, ಪ್ರಾಣಿಯನ್ನು ಅತಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅಸಮಂಜಸವಾದಷ್ಟು ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿರುವ ಅಥವಾ ಕೂಡಿಹಾಕಿರುವ ನಾಯಿಗೆ ವ್ಯಾಯಾಮ ನೀಡದಿರುವುದು, ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು, ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧಗಳು. ಕಾಯಿದೆಯಲ್ಲಿ ಗೊತ್ತುಪಡಿಸಿದ ದಂಡದ ಮೊತ್ತ, ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ, ಅಲ್ಪವಾದುದು ನಿಜ. ಆದರೆ ದಂಡ ಅಲ್ಪವೆಂದು ಕೃತ್ಯ ಅಲ್ಪವಾಗದು. ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದ ಹೇಳುತ್ತದೆ. 1976ರ ತಿದ್ದುಪಡಿಯಿಂದ ಸೇರಿದ ವಿಧಿ ಇದು.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಎರಡು ಕಡೆಯವರಿಗೂ ಮಾತು ಹೇಳಿದೆ. ವಸತಿ ಸಂಘಗಳು ಬಹುಮತದ ನಿರ್ಣಯದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುವುದು ನಾಯಿಯ ಸಹಜ ಅಭಿವ್ಯಕ್ತಿಯಾದ್ದರಿಂದ ಅದನ್ನು ಸಹಿಸಬೇಕು. ಅದೇ ವೇಳೆಗೆ, ಎಡೆಬಿಡದೆ ಬೊಗಳುವುದು ನೆರೆಯವರಿಗೆ ಬಾಧಕವಾದ್ದರಿಂದ ನಾಯಿಯನ್ನು, ವಿಶೇಷವಾಗಿ ರಾತ್ರಿ ವೇಳೆಯಲ್ಲಿ, ಶಾಂತವಾಗಿಡಲು ಒಡೆಯರು ಸರ್ವಪ್ರಯತ್ನ ಮಾಡಬೇಕು.

ಮುಂಜಾಗ್ರತೆ

ಆತಂಕವು ಬಲಿತ ಮೇಲೆ ನಿವಾರಿಸುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದು ಸುಲಭ. ಎಂಟು ವಾರ ತುಂಬದ ಮರಿಯನ್ನು ಮಾರುವುದನ್ನು 2017ರ ನಾಯಿಗಳ ತಳಿಸಂವರ್ಧನೆ ಮತ್ತು ಮಾರಾಟದ ನಿಯಮಗಳು ನಿಷೇಧಿಸಿವೆ. ತಾಯಿಯಿಂದ ಬೇಗನೆ ಅಗಲಿಸಿದ ಮರಿಯನ್ನು ಕೊಳ್ಳದಿರಿ. ಮನೆಗೆ ಬಂದ ಮೊದಲ ವಾರದಿಂದಲೇ ದಿನಕ್ಕೆ ಕೆಲವು ನಿಮಿಷ ಮರಿಯನ್ನು ಒಂಟಿಯಾಗಿ, ತಿನಿಸಿನೊಡನೆ, ಸುಖವಾಗಿ ಇರಲು ಕಲಿಸಬೇಕು. ಮೂರು ತಿಂಗಳ ಮರಿ ಮೂರು-ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಮೂತ್ರವನ್ನು ತಡೆಯಲಾರದು ಎಂಬುದು ನೆನಪಿರಲಿ. ಅಜ್ಜಿ ಊರಿಗೆ ಹೊರಡುವುದು, ಹೊಸ ಉದ್ಯೋಗ, ಮನೆ ಬದಲಾವಣೆ ಮುಂತಾದುವು ಗೊತ್ತಾದೊಡನೆ, ಒಂದೆರಡು ತಿಂಗಳ ಮುಂಚಿತವಾಗಿಯೇ ಅಭ್ಯಾಸವನ್ನು ಆರಂಭಿಸಬೇಕು.

ಎಲ್ಲಕ್ಕಿಂತ ಮೊದಲು, ನಾಯಿಯನ್ನು ತರುವ ಮುನ್ನವೇ ಒಂದು ಕಾಗದದ ಮೇಲೆ ಮನೆಯ ಪ್ರತಿಯೊಬ್ಬರೂ ಹೋಗುವ, ಬರುವ ಹೊತ್ತನ್ನು ಬರೆಯುವುದು ಒಳ್ಳೆಯದು. ದಿನವೂ ಹತ್ತು ತಾಸು ಖಾಲಿ ಉಳಿಯುವ ಮನೆ ನಾಯಿಗೆ ತಕ್ಕ ಮನೆಯಲ್ಲ. ನಾಯಿಯ ಆಯುಷ್ಯ ಹತ್ತು-ಹದಿನೈದು ವರ್ಷ. ಮನೆಯ ಮಗು ಶಾಲೆಯಿಂದ ಕಾಲೇಜಿಗೆ ಹೋಗುವಷ್ಟು ಕಾಲ.

ಉಪಸಂಹಾರ

ಅಗಲಿಕೆಯ ಆತಂಕವು ಗುಣಪಡಿಸಬಹುದಾದ ತೊಂದರೆ. ಕೆಲವು ನಾಯಿಗಳು ಪೂರ್ಣವಾಗಿ ಚೇತರಿಸಿಕೊಳ್ಳುತ್ತವೆ. ಕೆಲವಕ್ಕೆ ಜೀವನಪರ್ಯಂತ ಸ್ವಲ್ಪಮಟ್ಟಿನ ಎಚ್ಚರಿಕೆ ಬೇಕಾಗುತ್ತದೆ. ಏರಿಳಿತಗಳು ಸಹಜ, ದೀರ್ಘ ರಜೆಯ ನಂತರ, ಕಾಯಿಲೆಯ ನಂತರ ಹಳೆಯ ಲಕ್ಷಣಗಳು ಮರುಕಳಿಸಿದರೆ ಹಿಂದಿನ ಹಂತಗಳಿಂದ ಪುನಃ ಆರಂಭಿಸಬೇಕು. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ದಿನಕ್ಕೆ ಅರ್ಧ ತಾಸು, ನೆರೆಯವರ ಸಹಕಾರ ಮತ್ತು ತಾಳ್ಮೆ.

ಮನನಕ್ಕೆ ಪ್ರಶ್ನೆಗಳು

1. ಬೇಸರದಿಂದ ವಸ್ತುಗಳನ್ನು ಹಾಳುಮಾಡುವ ನಾಯಿಗೂ ಅಗಲಿಕೆಯ ಆತಂಕವಿರುವ ನಾಯಿಗೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸುವಿರಿ?
2. ಮನೆಗೆ ಮರಳಿದ ಮೇಲೆ ನಾಯಿಯನ್ನು ದಂಡಿಸುವುದು ಏಕೆ ನಿಷ್ಪ್ರಯೋಜಕ?
3. ನಿಮ್ಮ ಮನೆಯಲ್ಲಿ ನಾಯಿಯು ಒಂಟಿಯಾಗಿರುವ ಅವಧಿ ಎಷ್ಟು? ಆ ಅವಧಿಯಲ್ಲಿ ನೆರವಾಗಬಲ್ಲವರು ಯಾರು?
4. ಹಂತಹಂತದ ಅಗಲಿಕೆಯ ಅಭ್ಯಾಸದಲ್ಲಿ ಮುಂದಿನ ಹಂತಕ್ಕೆ ಹೋಗುವುದು ಯಾವಾಗ, ಹಿಂದೆ ಸರಿಯುವುದು ಯಾವಾಗ?